ಒಂಬತ್ತು ಶುಕ್ರವಾರಗಳ ಹರಕೆ

ಫೋನ್ ಬಂದಾಗ ನಾನು ಬೂತಾಯಿ ಮೀನು ಶುಚಿ ಮಾಡುತ್ತಿದ್ದೆ. ಎರಡು ಕಿಲೋ. ಕೊಲ್ಲಿ ದೇಶದ ಈ ಊರಿನ ದೇರಾ ಮಾರ್ಕೆಟಿನಲ್ಲಿ ಕತ್ತರಿಸಿ ಕೊಡುವವರಿದ್ದಾರೆ, ಆದರೆ ಅವರು ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಬಿಟ್ಟುಬಿಡುತ್ತಾರೆ, ಸಾರು ಕಹಿಯಾಗುತ್ತದೆ. ಅದಕ್ಕೇ ಸತ್ವಾದ ನಮ್ಮ ಹಳೆಯ ಕಟ್ಟಡದ ಅಡುಗೆಮನೆಯಲ್ಲಿ ನೆಲಕ್ಕೆ ಪೇಪರ್ ಹಾಸಿ, ಕತ್ತರಿ ಹಿಡಿದು ಕುಳಿತಿದ್ದೆ. ಬುಧವಾರ, ಬೆಳಿಗ್ಗೆ ಹತ್ತೂವರೆ. ಮಗಳು ಶಾಲೆಗೆ ಹೋಗಿದ್ದಳು. ಹೊರಗೆ ಗಾಳಿ ಎದ್ದಿತ್ತು. ಮರಳು ಕಿಟಕಿಯ ಗಾಜಿಗೆ ಬಡಿದು ಅಕ್ಕಿ ಕೇರಿದ ಹಾಗೆ ಸದ್ದು ಮಾಡುತ್ತಿತ್ತು.

ಫೋನ್ ಮಾಡಿದ್ದು ನನ್ನ ಗಂಡನ ಸೈಟಿನ ಟೈಮ್‌ಕೀಪರ್, ಕೇರಳದ ಹುಡುಗ. "ಚೇಚಿ, ಹೆದರಬೇಡಿ" ಎಂದ. ಹಾಗೆ ಹೇಳಿದರೆ ಹೆದರದೆ ಇರುವ ಹೆಂಗಸು ಯಾರು? "ಸಾರ್ ಕ್ರೇಡಲ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಇಳಿಸುವವರು ಬಂದಿದ್ದಾರೆ. ನೀವು ಪ್ರಾರ್ಥನೆ ಮಾಡಿ."

ಕ್ರೇಡಲ್ ಎಂದರೆ ಟವರ್‌ಗಳ ಹೊರಮೈಯ ಗಾಜು ಒರೆಸಲು, ಸಂದಿಗೆ ಸಿಲಿಕಾನ್ ತುಂಬಲು ಮೇಲಿನಿಂದ ಎರಡು ಉಕ್ಕಿನ ಹಗ್ಗಗಳಲ್ಲಿ ಇಳಿಬಿಡುವ ಕಬ್ಬಿಣದ ಅಟ್ಟಣಿಗೆ. ಎರಡು ತುದಿಗೆ ಎರಡು ಮೋಟರ್. ನನ್ನ ಗಂಡ ಅದರಲ್ಲಿ ಕೆಲಸ ಮಾಡುವವರಲ್ಲ, ಮಾಡಿಸುವ ಸೂಪರ್‌ವೈಸರ್. ಅಂದು ಒಬ್ಬ ಕೆಲಸಗಾರ ಬಂದಿರಲಿಲ್ಲ. ಕಟ್ಟಡವನ್ನು ಮರುದಿನ ಮಾಲೀಕರಿಗೆ ಒಪ್ಪಿಸಬೇಕೆಂದು ಎಂಜಿನಿಯರ್ ಅವಸರ ಮಾಡಿದ. ಗಾಳಿಯಲ್ಲಿ ಕ್ರೇಡಲ್ ಇಳಿಸಬಾರದೆಂಬ ನಿಯಮವನ್ನು ಎಲ್ಲರಿಗೂ ಓದಿ ಹೇಳುವ ಮನುಷ್ಯ, ಆ ಎಂಜಿನಿಯರ್‌ಗೆ ಇಲ್ಲ ಎನ್ನಲಾಗದೆ, ನೇಪಾಳದ ಆಪರೇಟರ್ ಜೊತೆ ತಾನೇ ಹತ್ತಿ ನಿಂತರು. ಇಪ್ಪತ್ತೇಳನೇ ಮಹಡಿಯ ಎದುರು ಒಂದು ಕಡೆಯ ಮೋಟರ್ ಕಚ್ಚಿಕೊಂಡಿತು. ಇನ್ನೊಂದು ಕಡೆ ಇಳಿಯುತ್ತಲೇ ಹೋಯಿತು. ಕ್ರೇಡಲ್ ವಾಲಿತು. ಸೊಂಟದ ಬೆಲ್ಟಿನ ಕೊಕ್ಕೆ ಮತ್ತು ಕೈ, ಎರಡೇ ಆಧಾರ. ಒಂದು ಗಂಟೆ ನಲವತ್ತು ನಿಮಿಷ.

ಆ ಹೊತ್ತಿನಲ್ಲಿ ನಾನು ಒಂದು ಹರಕೆ ಹೊತ್ತೆ. "ದೇವರೇ, ಇವರನ್ನು ಜೀವಂತ ಇಳಿಸು. ಒಂಬತ್ತು ಶುಕ್ರವಾರ ಇವರು ಪ್ರಾರ್ಥನಾ ಕೂಟದಲ್ಲಿ ನಿಂತು ನಿನ್ನ ಸಾಕ್ಷಿ ಹೇಳುತ್ತಾರೆ." ನಮ್ಮಲ್ಲಿ ಒಂಬತ್ತು ದಿನದ, ಒಂಬತ್ತು ವಾರದ ಪ್ರಾರ್ಥನೆ ವಾಡಿಕೆ. ದೇವರು ಮಾಡಿದ ಉಪಕಾರವನ್ನು ನಾಲ್ಕು ಜನರ ಮುಂದೆ ನಿಂತು ಹೇಳುವುದೂ ವಾಡಿಕೆ. ಎರಡನ್ನೂ ಸೇರಿಸಿ ನಾನೇ ಕಟ್ಟಿದ ಹರಕೆ ಅದು. ಇನ್ನೊಬ್ಬರ ಬಾಯನ್ನು ಅಡವಿಟ್ಟು ಹರಕೆ ಹೊರಬಾರದೆಂದು ನನಗೆ ಆಗ ಹೊಳೆಯಲಿಲ್ಲ.

ಎರಡನೇ ಫೋನ್ ಬಂತು. ಇಳಿಸಿದರಂತೆ. ಆಗ ನೋಡಿದೆ: ಅಷ್ಟೂ ಮೀನು ಶುಚಿಯಾಗಿತ್ತು. ತಲೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿಟ್ಟಿದ್ದೆ. ಜನ್ಮದಲ್ಲಿ ಹಾಗೆ ಮಾಡಿದವಳಲ್ಲ. ಒಂದು ಮೀನನ್ನು ಮುಟ್ಟಿದ ನೆನಪೂ ಇಲ್ಲ. ಎಲ್ಲವನ್ನೂ ಚೀಲಕ್ಕೆ ತುಂಬಿ ಫ್ರೀಝರಿಗೆ ಹಾಕಿ ಕೈ ತೊಳೆದೆ.

ಸಂಜೆ ಇವರು ನಡೆದುಕೊಂಡೇ ಮನೆಗೆ ಬಂದರು. ಕೈಯಲ್ಲಿ ಒಂದು ಕಾಗದ. ಕಂಪನಿಯವರು ಸಹಿ ಹಾಕಿಸಿಕೊಂಡ ವರದಿಯ ಪ್ರತಿ. ಅದರಲ್ಲಿ ಘಟನೆಯ ಹೆಸರು 'ನಿಯರ್ ಮಿಸ್', ಅಂದರೆ ಕೂದಲೆಳೆಯಲ್ಲಿ ತಪ್ಪಿದ ಅಪಘಾತ. ಗಾಯ ಎಂಬ ಕಡೆ 'ಇಲ್ಲ'. ಕಳೆದುಹೋದ ಕೆಲಸದ ದಿನಗಳು ಎಂಬ ಕಡೆ 'ಇಲ್ಲ', ಏಕೆಂದರೆ ಮರುದಿನ ಬೆಳಿಗ್ಗೆ ಆರಕ್ಕೆ ಬರಬೇಕೆಂದು ಹೇಳಿಯೇ ಕಳುಹಿಸಿದ್ದರು. ನಾನು ಇವರ ಕೈ, ಕಾಲು, ಬೆನ್ನು ಎಲ್ಲ ತಿರುಗಿಸಿ ನೋಡಿದೆ. ಒಂದು ಗೀರು ಇಲ್ಲ. ಪ್ರತಿ ಸಂಜೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿದ ಮೇಲೆ ಆ ದಿನದ ಮೂರು ಉಪಕಾರಗಳನ್ನು ಬೆರಳಲ್ಲಿ ಎಣಿಸುವುದು ನನ್ನ ಅಮ್ಮ ಕಲಿಸಿದ ಅಭ್ಯಾಸ. ಅಂದು ಎಣಿಸಿದೆ: ಜೀವ ಉಳಿಯಿತು. ಗೀರಾಗಲಿಲ್ಲ. ಅರ್ಧ ಚಪಾತಿ ತಿಂದರು.

ಮೊದಲ ಶುಕ್ರವಾರ ಪೂಜೆ ಮುಗಿದ ಮೇಲೆ ಚರ್ಚ್ ಆವರಣದ ಹಾಲಿನಲ್ಲಿ ಇವರು ಸಾಕ್ಷಿ ಹೇಳಿದರು. ಎಲ್ಲ ಹೇಳಿದರು: ಆಪರೇಟರ್ ಇವರ ಬೆಲ್ಟನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡದ್ದು, ಇಬ್ಬರ ಪ್ಯಾಂಟೂ ಒದ್ದೆಯಾದದ್ದು, ಹೆದರಿ ಅಮ್ಮಾ ಎಂದು ಕೂಗಿದ್ದು. ಜನ ಚಪ್ಪಾಳೆ ತಟ್ಟಿದರು, ಅತ್ತರು. ನಾನೂ ಅತ್ತೆ. ಹೆಮ್ಮೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಕೂಟ ನಡೆಸುವ ಹಿರಿಯರನ್ನು ನಾವೆಲ್ಲ ಅಂಕಲ್ ಎನ್ನುತ್ತೇವೆ. ದೊಡ್ಡ ಆಫೀಸಿನಲ್ಲಿ ಕೆಲಸ, ದೊಡ್ಡ ಧ್ವನಿ. ಅವರು ಇವರ ಭುಜ ಹಿಡಿದು ಪಕ್ಕಕ್ಕೆ ಕರೆದೊಯ್ದರು. "ಒಳ್ಳೆ ಸಾಕ್ಷಿ ಮಾರಾಯ. ಆದ್ರೆ ಆ ಪ್ಯಾಂಟಿನ ವಿಷಯ ಎಂಥಕ್ಕೆ? ಹೆಂಗಸರು ಮಕ್ಕಳು ಇರ್ತಾರೆ. ಮತ್ತೆ ಆ ನೇಪಾಳಿ ಹಿಡಿದ, ಆ ನೇಪಾಳಿ ಹಿಡಿದ ಅಂತ ಹೇಳಿದ್ರೆ ದೇವರು ಎಲ್ಲಿಗೆ ಹೋಗ್ಬೇಕು? ಸ್ವಲ್ಪ ಶಾರ್ಟ್ ಮಾಡು. ಹೆದರಿದೆ ಅಂತ ಹೇಳ್ಬೇಡ, ನಂಬಿದೆ ಅಂತ ಹೇಳು."

ಎರಡನೇ ಶುಕ್ರವಾರದಿಂದ ಇವರು ಹಾಗೇ ಹೇಳಿದರು. ಆಪರೇಟರ್ ಕಥೆಯಿಂದ ಇಳಿದುಹೋದ.

ಅಷ್ಟರಲ್ಲಿ ಕಂಪನಿಗೂ ಈ ಕಥೆಯ ರುಚಿ ಹತ್ತಿತ್ತು. ಸೈಟಿನಲ್ಲಿ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಜನರನ್ನು ನಿಲ್ಲಿಸಿ ಹತ್ತು ನಿಮಿಷ ಸುರಕ್ಷತೆಯ ಪಾಠ ಹೇಳುತ್ತಾರೆ. ಸೇಫ್ಟಿ ಆಫೀಸರ್‌ಗೆ ಒಂದು ಐಡಿಯಾ ಬಂತು: ಬೆಲ್ಟ್ ಹಾಕಿದ್ದರಿಂದ ಬದುಕಿದ ಮನುಷ್ಯನೇ ಬಂದು ಹೇಳಲಿ. ಒಂದು ದಿನ ಈ ಸೈಟ್, ಇನ್ನೊಂದು ದಿನ ಆ ಸೈಟ್. ಅಲ್ಲಿ ಎಂಜಿನಿಯರ್ ಅವಸರ ಮಾಡಿದ ವಿಷಯ ಹೇಳುವ ಹಾಗಿಲ್ಲ. ಅಂದರೆ ಶನಿವಾರದಿಂದ ಗುರುವಾರದವರೆಗೆ ಇವರನ್ನು ಬದುಕಿಸಿದ್ದು ಬೆಲ್ಟ್, ಶುಕ್ರವಾರ ದೇವರು. ವಾರದ ಏಳು ದಿನವೂ ನನ್ನ ಗಂಡ ಇಪ್ಪತ್ತೇಳನೇ ಮಹಡಿಗೆ ಹತ್ತಿ ನೇತಾಡಿ ಇಳಿಯುತ್ತಿದ್ದರು. ಅದರಲ್ಲಿ ಒಂದು ದಿನ ನಾನು ಹತ್ತಿಸಿದ್ದು.

ಮೊದಲು ಕಾಣಿಸಿದ್ದು ಮಿಕ್ಸಿಯ ವಿಷಯ. ತೆಂಗಿನಕಾಯಿ ರುಬ್ಬಲು ಸ್ವಿಚ್ ಹಾಕಿದೆ. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದವರು ಎದ್ದು ಗೋಡೆಗೆ ಬೆನ್ನು ಒತ್ತಿ ನಿಂತಿದ್ದರು. ಮುಖದಲ್ಲಿ ರಕ್ತವಿಲ್ಲ. "ಏನಾಯ್ತು?" "ಏನಿಲ್ಲ." ಆ ಮೋಟರ್ ಕಚ್ಚಿಕೊಳ್ಳುವ ಮೊದಲು ಹೀಗೇ ಕಿರುಚಿತ್ತಂತೆ. ಅದನ್ನು ಹೇಳಿದ್ದು ಎಷ್ಟೋ ದಿನದ ಮೇಲೆ. ಅಂದಿನಿಂದ ಮಸಾಲೆಯನ್ನೆಲ್ಲ ಇವರು ಕೆಲಸಕ್ಕೆ ಹೋದಾಗಲೇ ರುಬ್ಬಿಟ್ಟೆ.

ಆಮೇಲೆ ಒಂದೊಂದೇ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುವುದು. ಊಟಕ್ಕೆ ಕಿಟಕಿಗೆ ಬೆನ್ನು ಹಾಕಿ ಕೂರದಿರುವುದು. ದವಡೆ ಕಚ್ಚಿ ಕಚ್ಚಿ ಒಂದು ಹಲ್ಲಿನ ಮೂಲೆ ಮುರಿದುಕೊಂಡರು. ಬಲಗೈ ಬೆರಳುಗಳು ತಿಂಡಿ ತಿನ್ನುವಾಗಲೂ ಏನನ್ನೋ ಹಿಡಿದ ಹಾಗೆ ಮಡಚಿಕೊಂಡಿರುತ್ತಿದ್ದವು. ಶುಕ್ರವಾರ ಕೂಟದಿಂದ ಬಂದರೆ ಹೊಟ್ಟೆ ಕೆಟ್ಟು ಎರಡು ದಿನ ಗಂಜಿ. ಐದನೇ ಶುಕ್ರವಾರ ಹಾಲಿನಲ್ಲಿ ಪಕ್ಕದಲ್ಲಿ ಕುಳಿತ ನನ್ನ ಹತ್ತು ವರ್ಷದ ಮಗಳು ಕಿವಿಯಲ್ಲಿ ಕೇಳಿದಳು, "ಮಮ್ಮಾ, ಡ್ಯಾಡಾ ಬ್ಲಿಂಕ್ ಮಾಡ್ತಾ ಇಲ್ಲ. ವೈ?"

ನೋಡಿದೆ. ನಿಜ. ಮೈಕ್ ಹಿಡಿದು ಮಾತಾಡುವಷ್ಟು ಹೊತ್ತೂ ಇವರು ಕಣ್ಣು ಮಿಟುಕಿಸಲಿಲ್ಲ. ಬಾಯಿ ದೇವರ ಮಹಿಮೆ ಹೇಳುತ್ತಿತ್ತು. ಮೈಕಿನ ಮೇಲಿನ ಬೆರಳುಗಳ ಗೆಣ್ಣು ಬೆಳ್ಳಗಾಗಿತ್ತು.

ಅಂಕಲ್ ಹತ್ತಿರ ಹೇಳಿದೆ. "ಸೈತಾನನಿಗೆ ಸಾಕ್ಷಿ ಕಂಡ್ರೆ ಆಗುದಿಲ್ಲ, ಅದಕ್ಕೇ ತೊಂದ್ರೆ ಕೊಡ್ತಾನೆ. ಬಿಡ್ಬಾರ್ದು. ಹೇಳಿದಷ್ಟು ಗುಣ" ಎಂದರು. ನಾನು ನಂಬಿದೆ. ಆರನೆಯದಕ್ಕೂ ಇವರ ಅಂಗಿಗೆ ಇಸ್ತ್ರಿ ಹಾಕಿಕೊಟ್ಟೆ.

ನಮ್ಮ ಎದುರು ಮನೆಯಲ್ಲಿ ಉಡುಪಿ ಕಡೆಯ ಒಬ್ಬ ನರ್ಸ್ ಇದ್ದರು. ತುಳು ಮಾತಾಡುವವರು, ನನಗಿಂತ ಹತ್ತು ವರ್ಷ ದೊಡ್ಡವರು, ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಕೆಲಸ. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಒಂದು ದಿನ ಕರಿಬೇವು ಕೇಳಲು ಬಂದವರು, ಇವರು ನೀರಿನ ಲೋಟ ಎತ್ತುವುದನ್ನು ನೋಡಿದರು. ಮರುದಿನ ಇವರಿಲ್ಲದಾಗ ಬಂದು ನನ್ನನ್ನು ಕೂರಿಸಿದರು.

"ಎಷ್ಟು ದಿನದಿಂದ ಹೀಗೆ?"

ಎಲ್ಲ ಹೇಳಿದೆ. ಸಾಕ್ಷಿ, ಸೈಟಿನ ಪಾಠ, ಹರಕೆ.

"ನಿನಗೆ ತಲೆ ಉಂಟಾ ಮಾರಾಯ್ತಿ?" ಎಂದರು. "ಹೆದರಿಕೆ ಆದಾಗ ಶರೀರ ಓಡ್ಲಿಕ್ಕೆ ಇಲ್ಲಾಂದ್ರೆ ಹೊಡೀಲಿಕ್ಕೆ ತಯಾರಾಗ್ತದೆ. ಎದೆ ಹೊಡ್ಕೊಳ್ತದೆ, ಹೊಟ್ಟೆ ಕೆಲಸ ನಿಲ್ಲಿಸ್ತದೆ, ಕೈಕಾಲಿಗೆ ರಕ್ತ ನುಗ್ತದೆ. ನಿನ್ನ ಗಂಡನಿಗೆ ಅಲ್ಲಿ ಓಡ್ಲಿಕ್ಕೆ ಜಾಗ ಇತ್ತಾ? ಹೊಡೀಲಿಕ್ಕೆ ಯಾರಾದ್ರೂ ಇದ್ರಾ? ಸುಮ್ನೆ ಕಂಬಿ ಹಿಡ್ಕೊಂಡು ನಿಲ್ಬೇಕಿತ್ತು. ಆ ತಯಾರಿ ಎಲ್ಲ ಒಳಗೆ ಹಾಗೇ ಉಂಟು. ಮನುಷ್ಯ ಕೆಳಗೆ ಇಳಿದಿದ್ದಾನೆ, ಶರೀರ ಇನ್ನೂ ಇಳೀಲಿಲ್ಲ."

"ಹೇಳಿದ್ರೆ ಮನಸ್ಸು ಹಗುರ ಆಗುದಿಲ್ವಾ ಅಕ್ಕ?"

"ಅವನಿಗೆ ಬೇಕಾದಾಗ, ಬೇಕಾದವರ ಹತ್ರ, ಬೇಕಾದಷ್ಟೇ ಹೇಳಿದ್ರೆ ಆಗ್ತದೆ. ಗೊತ್ತಿದ್ದ ಡಾಕ್ಟರ್ ಹತ್ರ ಹೇಳಿದ್ರೂ ಆಗ್ತದೆ. ಮೈಕ್ ಕೊಟ್ಟು, ಅರ್ಧ ಕತ್ತರಿಸಿ, ಚಪ್ಪಾಳೆ ತಟ್ಟಿ ಹೇಳಿಸಿದ್ರೆ? ಇದು ಹಳೇ ಕಥೆ ಅಂತ ಶರೀರಕ್ಕೆ ಯಾರು ಹೇಳ್ಬೇಕು? ಅದು ಪ್ರತಿ ಸಲ ಮೇಲೆ ಹೋಗ್ತದೆ."

ನಾನು ವಾದ ಮಾಡಿದೆ. ಹರಕೆ ಬಿಟ್ಟರೆ ಇನ್ನೇನಾದರೂ ಆದರೆ ಎಂಬ ಭಯ ನನಗೆ. ಅಕ್ಕ ವಾದ ಬೆಳೆಸಲಿಲ್ಲ. ಹೆಬ್ಬೆರಳ ಕೆಳಗೆ ಮಣಿಕಟ್ಟಿನಲ್ಲಿ ಮೂರು ಬೆರಳಿಟ್ಟು ನಾಡಿ ಎಣಿಸುವುದನ್ನು ಕಲಿಸಿದರು. ಗಡಿಯಾರದ ಮುಳ್ಳು ನೋಡುತ್ತ ಅರ್ಧ ನಿಮಿಷ ಎಣಿಸು, ಎರಡರಿಂದ ಗುಣಿಸು, ಬರೆದಿಡು. "ನನ್ನನ್ನು ನಂಬಬೇಡ. ನೀನೇ ನೋಡು."

ಏಳನೇ ಶುಕ್ರವಾರ ಚರ್ಚ್ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡೆ. ಮನೆಯಿಂದ ಹೊರಡುವಾಗ ಎಂಬತ್ತಾರು. ಹಾಲಿನ ಬಾಗಿಲಲ್ಲಿ ನೂರ ನಾಲ್ಕು. ಸಾಕ್ಷಿ ಮುಗಿಸಿ ಬಂದು ನನ್ನ ಪಕ್ಕ ಕುಳಿತಾಗ, ಜನ ಹಾಡು ಹಾಡುತ್ತಿರುವಾಗ, ನೂರ ಮೂವತ್ತೆರಡು. ಮನೆಗೆ ಬಂದು ಸೋಫಾದಲ್ಲಿ ಕುಳಿತು ಒಂದು ಗಂಟೆಯಾದರೂ ನೂರ ಹತ್ತು. ಮನುಷ್ಯ ಟಿವಿ ನೋಡುತ್ತಿದ್ದಾರೆ, ಎದೆ ಮೆಟ್ಟಿಲು ಹತ್ತುತ್ತಿದೆ.

ಆ ಕಾಗದ ನೋಡುತ್ತ ಅಡುಗೆಮನೆಯಲ್ಲಿ ನಿಂತೆ. ನನಗೆ ಬಂದ ಸಿಟ್ಟು ಎಂಥದೆಂದರೆ, ಕೈಯಲ್ಲಿದ್ದ ಸ್ಟೀಲ್ ತಟ್ಟೆಯನ್ನು ಸಿಂಕಿಗೆ ಎಸೆದೆ. ಕಂಪನಿಯ ಮೇಲೆ. ಅಂಕಲ್ ಮೇಲೆ. ಚಪ್ಪಾಳೆ ತಟ್ಟಿದ ಪ್ರತಿಯೊಂದು ಕೈಯ ಮೇಲೆ. ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಹರಕೆ ಹೊತ್ತವಳು ನಾನು, ತೀರಿಸುತ್ತಿದ್ದದ್ದು ಇವರ ಎದೆ. ನಾನು ಮಾಡಿದ ಖರ್ಚು ಏನು? ಇಸ್ತ್ರಿ ಹಾಕಿದ್ದು.

ಮೊದಲು ಸೇಫ್ಟಿ ಆಫೀಸರ್‌ಗೆ ಫೋನ್ ಮಾಡಿದೆ. ನನ್ನ ಹಿಂದಿ ಅಡುಗೆಮನೆಯ ಹಿಂದಿ. "ಮೇಡಮ್, ಇದು ಎಲ್ಲರ ಒಳ್ಳೆಯದಕ್ಕೆ. ಹಿ ಈಸ್ ಎ ಹೀರೋ" ಎಂದ. "ಹೀರೋಗೆ ರಜೆ ಕೊಡಿ" ಎಂದೆ. ಗಾಯ ಇಲ್ಲದ ಕಾರಣ ಗಾಯದ ರಜೆ ಇಲ್ಲವಂತೆ. ಕಾಗದದಲ್ಲಿ 'ಇಲ್ಲ' ಎಂದು ಬರೆದಾಗಿದೆ, ಇವರೇ ಸಹಿ ಹಾಕಿದ್ದಾರೆ. ಹಲ್ಲು ಮುರಿದದ್ದು ಹೇಳಿದೆ. "ಅದು ಮನೆಯಲ್ಲಿ ಮುರಿದದ್ದಲ್ವಾ?" ಎಂದು ಕೇಳಿದ. ಮೂವತ್ತೇಳು ವರ್ಷದಲ್ಲಿ ನಾನು ಯಾರಿಗೂ ಶಾಪ ಹಾಕಿದವಳಲ್ಲ. ಆ ದಿನ ಬಾಯಿಯ ತುದಿಗೆ ಬಂದದ್ದನ್ನು ನುಂಗಲು ನನಗೆ ಒಂದು ಪೂರ್ತಿ ಜಪಸರ ಬೇಕಾಯಿತು.

ಅಕ್ಕ ಹೇಳಿದ ಕ್ಲಿನಿಕ್‌ಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಇವರಿಂದ ಏನೂ ಹೇಳಿಸದೆ, ಎಲ್ಲಿ ಬಿಗಿ, ಎಲ್ಲಿ ನೋವು ಎಂದಷ್ಟೇ ಕೇಳಿ, ಎತ್ತರದ ಕೆಲಸ ಸದ್ಯಕ್ಕೆ ಬೇಡವೆಂದು ಬರೆದುಕೊಟ್ಟರು. ಕಂಪನಿ ಅದನ್ನು ನೋಡಿ, ವಾರ್ಷಿಕ ರಜೆಯಲ್ಲಿ ಎರಡು ವಾರ ಮುರಿದುಕೊಂಡಿತು. ಊರಿಗೆ ಹೋಗಲು ಕೂಡಿಟ್ಟ ರಜೆ.

ಮನೆಯಲ್ಲಿ ಮಾಡಬೇಕಾದ್ದನ್ನು ಅಕ್ಕ ಹೇಳಿಕೊಟ್ಟರು. ಬರಿಗಾಲನ್ನು ನೆಲಕ್ಕೆ ಒತ್ತಿ ಕೂರಬೇಕು. ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಬೇಕು. "ಎಣಿಸ್ಲಿಕ್ಕೆ ಹೇಳಿದ್ರೆ ಇವರಿಗೆ ಸಿಟ್ಟು ಬರ್ತದೆ ಅಕ್ಕ" ಎಂದೆ. "ಮತ್ತೆ ದಿನಾ ಸಂಜೆ ಇಬ್ಬರೂ ಗುಣುಗುಣು ಹೇಳ್ತೀರಲ್ಲ, ಅದು ಎಂಥ? ಅದ್ರಲ್ಲೇ ಮಾಡು" ಎಂದರು. ತೇರ್ಸ್‌ನಲ್ಲಿ ಪ್ರತಿ ಪ್ರಾರ್ಥನೆಯ ಅರ್ಧ ಒಬ್ಬರದು, ಉಳಿದರ್ಧ ಇನ್ನೊಬ್ಬರದು. ನಾನು ನನ್ನ ಅರ್ಧ ಹೇಳುವಾಗ ಇವರು ಉಸಿರು ಎಳೆದುಕೊಳ್ಳುವುದು, ತನ್ನ ಅರ್ಧವನ್ನು ಒಂದೇ ಉಸಿರಲ್ಲಿ, ನಿಧಾನ ಹೊರಬಿಡುತ್ತ ಹೇಳುವುದು. ಮೊದಲ ದಿನ ಹತ್ತು ಮಣಿ ದಾಟಲಿಲ್ಲ, ಎದ್ದುಹೋದರು. ನಾಲ್ಕನೇ ದಿನ ಐವತ್ತೂ ಮುಗಿಯಿತು. ನಾಡಿ ಎಂಬತ್ತೆಂಟು. ಅದನ್ನು ಉಪಕಾರಗಳ ಲೆಕ್ಕದಲ್ಲಿ ಒಂದೆಂದು ಹಿಡಿದೆ.

ಇಷ್ಟಾದರೂ ಎಂಟನೇ ಶುಕ್ರವಾರ ಎದುರಿಗಿತ್ತು. ಅಂಕಲ್ ಅದನ್ನು ಮೊದಲೇ ಗೊತ್ತುಮಾಡಿಬಿಟ್ಟಿದ್ದರು: ಅಬುಧಾಬಿಯಲ್ಲಿ ಇಡೀ ದಿನದ ಕೂಟ, ದೊಡ್ಡ ಹಾಲ್. ಬೇಡವೆಂದು ಹೇಳುವ ಧೈರ್ಯ ನನಗೂ ಇರಲಿಲ್ಲ, ಇವರಿಗೂ ಇರಲಿಲ್ಲ. ಇಷ್ಟು ಸಿಟ್ಟು ಇಟ್ಟುಕೊಂಡೂ ನಾನು ಅಂಗಿ ತೆಗೆದಿಟ್ಟೆ. ದಾರಿಗೆಂದು ಸಣ್ಣ ಸಣ್ಣ ಸಾನ್ನ, ನಮ್ಮ ಕಡೆಯ ಮೆತ್ತನೆಯ ಇಡ್ಲಿ, ಬೇಯಿಸಿ, ಕೋಳಿ ಸುಕ್ಕ ಮಾಡಿ ಡಬ್ಬಿ ಕಟ್ಟಿದೆ. ಭಕ್ತಿ ಯಾವುದು, ಹೆದರಿಕೆ ಯಾವುದು ಎಂದು ನನಗೆ ಬೇರೆ ಮಾಡಲಾಗುತ್ತಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ವ್ಯಾನ್ ಬಂತು. ಒಳಗೆ ಎಂಟು ಜನ, ಮುಂದೆ ಅಂಕಲ್. "ಯಲ್ಲಾ ಯಲ್ಲಾ, ಹತ್ತಿ! ಮುಗಿಸಿ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಬಿರಿಯಾನಿ ಉಂಟು!" ಮಗಳು ಮೊದಲು ಹತ್ತಿದಳು. ಇವರು ಜಾರುವ ಬಾಗಿಲಿನ ಹಿಡಿ ಹಿಡಿದರು. ಒಂದು ಕಾಲು ಮೇಲಿಟ್ಟರು. ಅಲ್ಲೇ ನಿಂತರು. ಹತ್ತಲೂ ಇಲ್ಲ, ಇಳಿಯಲೂ ಇಲ್ಲ.

"ಎಂಥ ಆಯ್ತು? ಹತ್ತು ಮಾರಾಯ" ಎಂದರು ಅಂಕಲ್. ಹಿಂದಿನಿಂದ ಯಾರೋ, "ವ್ಯಾನ್ ಇದು, ಕ್ರೇಡಲ್ ಅಲ್ಲ!" ಎಂದರು. ನಕ್ಕರು.

ಹಿಡಿಯ ಮೇಲೆ ಇವರ ಬೆರಳು ನೋಡಿದೆ. ಬೆಳ್ಳಗಿನ ಗೆಣ್ಣು. ಕತ್ತಿನ ನರ ಹೊಡೆದುಕೊಳ್ಳುವುದು ಎಣಿಸದೆಯೇ ಕಾಣುತ್ತಿತ್ತು. ನಾನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

"ಇವರು ಬರುದಿಲ್ಲ ಅಂಕಲ್."

"ಬರುದಿಲ್ಲ ಅಂದ್ರೆ? ಹೆಸ್ರು ಕೊಟ್ಟಾಗಿದೆ. ಎಂಟನೇದು ಮಾರಾಯ್ತಿ, ಇನ್ನೊಂದೇ ಬಾಕಿ. ಹರಕೆ ಮುರಿದ್ರೆ ನಿನಗೇ ಒಳ್ಳೇದಲ್ಲ."

"ಹರಕೆ ನಂದು. ನಾನು ಮತ್ತು ದೇವರು ನೋಡ್ಕೊಳ್ತೇವೆ. ಮಗಳೇ, ಇಳಿ."

"ಯೆಸ್!" ಎಂದು ಹಾರಿ ಇಳಿದಳು ಅವಳು. ಅಂಕಲ್ ಏನೋ ಹೇಳುತ್ತಿದ್ದರು, ನಾನೇ ಬಾಗಿಲು ಎಳೆದು ಮುಚ್ಚಿದೆ. ವ್ಯಾನ್ ಹೋಯಿತು.

ರಸ್ತೆ ಬದಿಯ ದರ್ಜಿ ಅಂಗಡಿಯ ಮೆಟ್ಟಿಲಲ್ಲಿ ಮೂವರೂ ಕುಳಿತೆವು. ಅಂಗಡಿ ಇನ್ನೂ ತೆರೆದಿರಲಿಲ್ಲ. ಕೈಯಲ್ಲಿ ಬಿಸಿ ಡಬ್ಬಿ. ಆಗ ಇವರು, ಎಂಟು ವಾರದಲ್ಲಿ ಮೊದಲ ಸಲ, ಕೇಳದೆಯೇ ಒಂದು ಮಾತು ಹೇಳಿದರು. "ನಾನು ಸಾಕ್ಷಿಯಿಂದ ಅವನ ಹೆಸ್ರು ತೆಗೆದುಬಿಟ್ಟೆ. ಅವನು ನನ್ನ ಬೆಲ್ಟ್ ಬಿಡ್ಲಿಲ್ಲ. ತನ್ನ ಕೈ ನೀಲಿ ಆದ್ರೂ ಬಿಡ್ಲಿಲ್ಲ. ಆಮೇಲೆ ನಾನು ಅವನ ಮುಖ ನೋಡ್ಲಿಕ್ಕೆ ಹೋಗ್ಲಿಲ್ಲ."

"ಎಲ್ಲಿರುದು ಅವರು?"

"ಸೋನಾಪುರ್ ಲೇಬರ್ ಕ್ಯಾಂಪಿನಲ್ಲಿ."

"ಹೋಗುವಾ" ಎಂದೆ. "ಸಾನ್ನ ಬಿಸಿ ಉಂಟು."

ಎರಡು ಬಸ್ ಬದಲಿಸಿ ಮುಹೈಸ್ನಾ ತಲುಪಿದೆವು. ಎಲ್ಲರೂ ಅದನ್ನು ಸೋನಾಪುರ್ ಎನ್ನುತ್ತಾರೆ. ಬಣ್ಣ ಮಾಸಿದ ಕಟ್ಟಡಗಳ ಸಾಲು, ಪ್ರತಿ ಕಿಟಕಿಯಲ್ಲೂ ಒಣಗುವ ಯೂನಿಫಾರ್ಮ್. ಕ್ಯಾಂಪಿನ ಒಳಗೆ ಹೆಂಗಸರನ್ನು ಬಿಡುವುದಿಲ್ಲ. ಇವರು ಗೇಟಿನಿಂದ ಫೋನ್ ಮಾಡಿದರು. ಆಪರೇಟರ್ ಬಂದ. ಸಣ್ಣ ಆಳು, ಟೀ ಶರ್ಟು, ಲುಂಗಿ. ನನ್ನನ್ನು ನೋಡಿ ನಾಚಿ, ಮಡಚಿ ಕಟ್ಟಿದ್ದ ಲುಂಗಿ ಕೆಳಗಿಳಿಸಿದ.

"ಸಾಬ್. ಆಪ್?"

ಇಬ್ಬರೂ ಕಾಂಪೌಂಡಿನ ನೆರಳಲ್ಲಿ ಕುಳಿತರು. ನಾನೂ ಮಗಳೂ ನಾಲ್ಕು ಮಾರು ಈಚೆ. ನನ್ನ ಗಂಡ ಏನು ಹೇಳಬೇಕೆಂದು ತಿಳಿಯದೆ ಡಬ್ಬಿ ಬಿಚ್ಚಿದರು. ತೆರೆಯುವಾಗ ಕೈ ನಡುಗಿ ಮುಚ್ಚಳ ಬಿತ್ತು. ಆಪರೇಟರ್ ಅದನ್ನು ಎತ್ತಿಕೊಟ್ಟ. ಅವನ ಕೈಯೂ ನಡುಗುತ್ತಿತ್ತು.

"ನಿನಗೂ?" ಎಂದರು ಇವರು ಹಿಂದಿಯಲ್ಲಿ.

"ಗುಂಡಿ ಹಾಕಲು ಆಗುವುದಿಲ್ಲ ಸಾಬ್. ಅದಕ್ಕೇ ಅಂಗಿ ಬಿಟ್ಟು ಟೀ ಶರ್ಟು. ರೂಮಿನವರು ಕೇಳಿದರೆ ಸೆಕೆ ಎನ್ನುತ್ತೇನೆ." ಮತ್ತೆ, "ಸಾಬ್, ಒಂದು ಮಾತು ಕೇಳಲಾ? ಆ ದಿನ ಮೊದಲು ಪ್ಯಾಂಟ್ ಒದ್ದೆ ಮಾಡಿದ್ದು ಯಾರು? ನೀವಾ, ನಾನಾ?"

ನನ್ನ ಗಂಡ ಅವನನ್ನೇ ನೋಡಿದರು. ಎಂಟು ವಾರದಿಂದ ಕಟ್ಟಿಕೊಂಡದ್ದು ಒಮ್ಮೆಲೇ ಬಿಚ್ಚಿದ ಹಾಗೆ ನಕ್ಕರು. "ನೀನು!" ಎಂದರು. "ಇಲ್ಲ ಸಾಬ್, ಗಾಳಿ ನಿಮ್ಮ ಕಡೆಯಿಂದ ಬೀಸುತ್ತಿತ್ತು!" ಎಂದ ಅವನು. ಇಬ್ಬರೂ ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಗೇಟಿನ ವಾಚ್‌ಮನ್ ಇಣುಕಿ ನೋಡಿದ. ಇವರ ಭುಜ ಕಿವಿಯ ಹತ್ತಿರದಿಂದ ಕೆಳಗೆ ಇಳಿದದ್ದನ್ನು ನಾನು ನನ್ನ ಕಣ್ಣಾರೆ ನೋಡಿದೆ. ಆಮೇಲೆ ಅದರ ವಿಷಯ ಅವರು ಮಾತಾಡಲಿಲ್ಲ. ಸಾನ್ನ ತಿಂದರು. ಒಂದು ಗಂಟೆ ಗೋಡೆಗೆ ಒರಗಿ ಸುಮ್ಮನೆ ಕುಳಿತರು. ಬರುವಾಗ ಬಸ್ಸಿನಲ್ಲಿ ಇವರು ಸೀಟಿನಲ್ಲಿ ಕುಳಿತು, ಮಗಳ ಹೆಗಲಿಗೆ ಒರಗಿ ನಿದ್ದೆ ಹೋದರು. "ಹಿ ಈಸ್ ಸೋ ಹೆವಿ" ಎಂದಳು ಅವಳು. ಆದರೆ ಸತ್ವಾ ಬರುವವರೆಗೆ ಅಲುಗಾಡಲಿಲ್ಲ.

ಆಪರೇಟರ್ ಮಾತ್ರ ಶನಿವಾರ ಮತ್ತೆ ಕ್ರೇಡಲ್ ಹತ್ತಿದ. ಅವನ ಕೈಯಲ್ಲಿ ಡಾಕ್ಟರ್ ಬರೆದ ಕಾಗದ ಇಲ್ಲ. ಇವರು ರಜೆ ಮುಗಿಸಿ ಹೋದವರು ಇನ್ನು ಪಾಠ ಹೇಳುವುದಿಲ್ಲ ಎಂದು ಆಫೀಸರ್‌ಗೆ ಹೇಳಿ, ನೆಲದ ಮೇಲಿನ ಸ್ಟೋರಿನ ಕೆಲಸ ಕೇಳಿ ಪಡೆದರು. ತನ್ನ ಜೊತೆಗೆ ಅವನನ್ನೂ ಕೊಡಿ ಎಂದರು. ಸ್ಟೋರಿಗೆ ಒಬ್ಬನನ್ನೇ ಕೊಡುವುದು ಎಂದಿತು ಕಂಪನಿ. ಇದನ್ನು ಉಪಕಾರಗಳ ಲೆಕ್ಕದಲ್ಲಿ ನಾನು ಎಲ್ಲಿಯೂ ಸೇರಿಸಿಲ್ಲ. ದೇವರಿಗೂ ಹಾಗೇ ಹೇಳಿದ್ದೇನೆ.

ಒಂಬತ್ತನೇ ಶುಕ್ರವಾರ ನಾನೊಬ್ಬಳೇ ಕೂಟಕ್ಕೆ ಹೋದೆ. ಹಾಡು ಮುಗಿದ ಮೇಲೆ ಸಾಕ್ಷಿ ಇರುವವರು ಬನ್ನಿ ಎಂದರು. ಎದ್ದು ಹೋಗಿ ಮೈಕ್ ತೆಗೆದುಕೊಂಡೆ. ಅಷ್ಟು ಜನರ ಮುಂದೆ ನಾನು ಯಾವತ್ತೂ ಬಾಯಿ ತೆರೆದವಳಲ್ಲ. ಬರಿಗಾಲನ್ನು ನೆಲಕ್ಕೆ ಒತ್ತಿದೆ.

"ಕ್ರೇಡಲ್‌ನಲ್ಲಿ ಇಬ್ರು ಇದ್ರು" ಎಂದೆ. "ಆರು ವಾರ ನಾವು ಒಬ್ಬರದ್ದೇ ಕಥೆ ಕೇಳಿದ್ದೇವೆ. ಇನ್ನೊಬ್ಬರು ಇವರ ಬೆಲ್ಟ್ ಹಿಡ್ಕೊಂಡಿದ್ರು. ದೇವರು ಕಳಿಸಿದ ಕೈ ಅದು. ಆ ಕೈಯನ್ನು ನಾವು ಕತ್ತರಿಸಿ ಬಿಸಾಡಿದ್ವಿ. ಇವರಿಗೆ ಒಂದು ಗೀರು ಆಗ್ಲಿಲ್ಲ ಅಂತ ಚಪ್ಪಾಳೆ ತಟ್ಟಿದ್ವಿ. ಚಪ್ಪಾಳೆ ಮುಗಿದ ಮೇಲೆ ಇವರ ನಾಡಿ ನೂರ ಮೂವತ್ತೆರಡು. ನಾನೇ ಎಣಿಸಿದ್ದೇನೆ."

"ಮಾರಾಯ್ತಿ, ದೇವರ ಮಹಿಮೆ ಹೇಳು" ಎಂದರು ಅಂಕಲ್ ಮುಂದಿನ ಸಾಲಿನಿಂದ.

"ಅದನ್ನೇ ಹೇಳ್ತಾ ಇದ್ದೇನೆ ಅಂಕಲ್. ಇವರು ಹೆದರಿದ್ರು. ಅಮ್ಮಾ ಅಂತ ಕೂಗಿದ್ರು. ಯೇಸು ಕೂಡ ತೋಟದಲ್ಲಿ ಹೆದರಿ ಬೆವರಿದ್ದು ನಾವು ಪ್ರತಿ ವರ್ಷ ಓದ್ತೇವೆ. ಅಲ್ಲಿ ಯಾರೂ ಅದನ್ನು ಶಾರ್ಟ್ ಮಾಡ್ಲಿಲ್ಲ."

ಚಪ್ಪಾಳೆ ಬರಲಿಲ್ಲ. ಮೈಕ್ ಕೆಳಗಿಟ್ಟು ಬಂದೆ. ಹೊರಗೆ ಬಂದಾಗ ಹಿಂದಿನ ಸಾಲಿನ ಒಬ್ಬ ಹೆಂಗಸು ಓಡಿ ಬಂದು ನನ್ನ ಕೈ ಹಿಡಿದಳು. ಅವಳ ಬೆರಳು ತಣ್ಣಗಿತ್ತು. ಅವಳಿಗೆ ಏನಾಗಿದೆಯೋ ನಾನು ಕೇಳಲಿಲ್ಲ, ಎದುರು ಮನೆಯ ಅಕ್ಕನ ನಂಬರ್ ಬರೆದುಕೊಟ್ಟೆ.

ಸಿಟ್ಟು ಇನ್ನೂ ಇದೆ. ಪಾಪನಿವೇದನೆಯಲ್ಲಿ ಅದನ್ನು ಹೇಳಿಲ್ಲ, ಏಕೆಂದರೆ ಅದು ಪಾಪವೆಂದು ನನಗೆ ಇನ್ನೂ ಅನಿಸಿಲ್ಲ.

ಮನೆಗೆ ಬಂದು ಫ್ರೀಝರ್ ತೆರೆದೆ. ಆ ಬುಧವಾರದ ಬೂತಾಯಿ ತಳದಲ್ಲಿ ಹಾಗೇ ಇತ್ತು, ಹಿಮ ಕಟ್ಟಿ. ಒಂಬತ್ತು ವಾರ ನಾನು ಅದರ ಮೇಲೆ ಬಟಾಣಿ, ಪರೋಟ ಇಡುತ್ತಲೇ ಬಂದಿದ್ದೆ. ತೆಗೆದು ನೀರಿಗೆ ಹಾಕಿದೆ. ಮೆಣಸು, ಕೊತ್ತಂಬರಿ, ಹುಣಸೆಹುಳಿ, ಬೆಳ್ಳುಳ್ಳಿ ಮಿಕ್ಸಿಗೆ ತುಂಬಿದೆ. ಇವರು ಮನೆಯಲ್ಲೇ ಇದ್ದಾರೆ ಎಂಬುದು ಆಮೇಲೆ ನೆನಪಾಯಿತು. ಕೈ ತಡೆದೆ.

"ಹೋಯ್, ನೀವು ಸ್ವಲ್ಪ ಕೆಳಗೆ ಹೋಗಿ ಹಾಲು ತರ್ತೀರಾ?"

"ಹಾಲು ಉಂಟಲ್ಲ" ಎಂದು ಒಳಗೆ ಬಂದರು. ಮಿಕ್ಸಿ ನೋಡಿದರು, ನನ್ನನ್ನು ನೋಡಿದರು. ಚಪ್ಪಲಿ ಕಳಚಿದರು. ಬಲಗೈಯನ್ನು ಜಾರಿನ ಮುಚ್ಚಳದ ಮೇಲಿಟ್ಟು ಒತ್ತಿ ಹಿಡಿದರು. ಒಂದು ದೊಡ್ಡ ಉಸಿರು ಎಳೆದುಕೊಂಡರು.

"ಹಾಕು" ಎಂದರು.

ಹಾಕಿದೆ. ಅದು ಕಿರುಚಿತು. ಮುಚ್ಚಳದ ಮೇಲೆ ಬೆರಳು ಬೆಳ್ಳಗಾಯಿತು. ಇವರ ತುಟಿ ಅಲುಗಾಡುತ್ತಿತ್ತು, ತನ್ನ ಅರ್ಧದ ಪ್ರಾರ್ಥನೆ. ಕೊನೆಯ ಶಬ್ದದವರೆಗೂ ಉಸಿರು ಬಿಟ್ಟರು. ಕಣ್ಣು ಮಿಟುಕಿಸಿದರು.

ನಿಲ್ಲಿಸಿದೆ. ಒಂದು, ಎಂದು ಬೆರಳು ಮಡಚಿದೆ. ಮುಚ್ಚಳ ತೆಗೆದು ಮಸಾಲೆ ನಾಲಿಗೆಗೆ ಮುಟ್ಟಿಸಿ ನೋಡಿದರೆ ಹುಳಿ ಸಾಲದು. ಇನ್ನೊಂದು ಚೂರು ಹುಣಸೆ ಹಾಕಿ, ಅವರ ಕೈ ಮತ್ತೆ ಮುಚ್ಚಳಕ್ಕೆ ಬರುವವರೆಗೆ ಕಾದು, ಸ್ವಿಚ್ ಒತ್ತಿದೆ.